ಹುಂಡುಕೋಳಿ ಯಾಕೆ ಹಿಡೀಬಾರದು ಅಂದರೆ



ಸೋಮವಾರ ನಮ್ಮ ಕೆಳಗದ್ದೆ ನಾಟಿ ಮುಗೀತು. ಮಾರನೇ ದಿನ ಬೆಳಿಗ್ಗೆ ನೀರು ನೋಡೋಕೆ ಹೋದೆ. ಕಾಲುವೆ ಪಕ್ಕದ ಬದುವಿನ ಮೇಲೆ ಒಂದು ಹುಂಡುಕೋಳಿ ನಾಲ್ಕು ಮರಿ ಕಟ್ಟಿಕೊಂಡು ಓಡಾಡ್ತಾ ಇತ್ತು. ಮರಿಗಳು ಇದ್ದಿಲು ಚೂರಿನ ಹಾಗೆ ಕಪ್ಪಗೆ. ಮೇಲುಗದ್ದೆ ಉಳೋಕೆ ಬಂದಿದ್ದ ಟ್ರ್ಯಾಕ್ಟರ್ ಹುಡುಗ ಅದನ್ನ ನೋಡಿ, "ಅಣ್ಣ, ಹಿಡೀಲಾ?" ಅಂದ. ಬೇಡ ಕಣೋ ಅಂದೆ. "ಯಾಕಣ್ಣ? ಹೆಸರಲ್ಲೇ ಕೋಳಿ ಅಂತ ಇದೆಯಲ್ಲ" ಅಂತ ನಕ್ಕ.

ನಾನು ಕಾನೂನು ಹೇಳಿದೆ. 1972ರ ವನ್ಯಜೀವಿ ಕಾಯ್ದೆ ಇದೆ, ಕಾಡುಹಕ್ಕಿ ಹಿಡಿದರೆ ಕೇಸು ಅಂತ. ಅವನು ಸುಮ್ಮನಾದ. ಆದರೆ ನಾನು ಹೇಳಿದ್ದು ಅರ್ಧ ಮಾತು. ಇನ್ನರ್ಧ ಗಂಟಲಲ್ಲೇ ಉಳೀತು. ಅದನ್ನ ಇವತ್ತು ಇಲ್ಲಿ ಬರೀತಾ ಇದ್ದೀನಿ.

ಕಾನೂನಿಗೆ ಹೆದರಿ ನಾವು ಹಕ್ಕಿ ಬಿಡೋದಾಗಿದ್ರೆ ಕಾಗೇನ ಯಾವತ್ತೋ ತಿಂದು ಮುಗಿಸಿರಬೇಕಿತ್ತು. ಅದೇ ಕಾಯ್ದೆಯಲ್ಲಿ ಬಹಳ ಕಾಲ ಕಾಗೆ, ಇಲಿ, ಬಾವಲಿ ಇವೆಲ್ಲ ಉಪದ್ರವದ ಪ್ರಾಣಿಗಳು ಅಂತ ಬೇರೆ ಪಟ್ಟಿಯಲ್ಲಿದ್ವು, ಕೊಂದರೆ ತಪ್ಪಿರಲಿಲ್ಲ. ಆ ಪಟ್ಟಿ ತೆಗೆದಿದ್ದು 2022ರ ತಿದ್ದುಪಡಿಯಲ್ಲಿ. ಅಷ್ಟು ವರ್ಷದಲ್ಲಿ ನಮ್ಮೂರಲ್ಲಿ ಯಾರಾದ್ರೂ ಕಾಗೆ ಸಾರು ಮಾಡಿದ್ದು ಕೇಳಿದ್ದೀರಾ? ಆದರೆ ಕಾನೂನು ಬೇಡ ಅನ್ನೋ ಗೌಜಲು, ಬುರ್ಲಿ ಹಕ್ಕಿಗೆ ಉರುಲು ಹಾಕೋರು ಈಗಲೂ ಇದ್ದಾರೆ. ಅಂದ್ರೆ ಯಾವ ಹಕ್ಕಿ ತಟ್ಟೆಗೆ ಬರಬೇಕು ಅಂತ ತೀರ್ಮಾನ ಮಾಡೋದು ಕಾನೂನಲ್ಲ.

ನಮ್ಮಪ್ಪ ಹೇಳ್ತಾ ಇದ್ದ ಲೆಕ್ಕ ಸುಲಭ. ಕಾಳು ತಿನ್ನೋ ಹಕ್ಕಿ ತಿನ್ನಬಹುದು, ಮಾಂಸ ತಿನ್ನೋ ಹಕ್ಕಿ ತಿನ್ನಬಾರದು. ಹದ್ದು, ಗೂಬೆ, ರಣಹದ್ದು, ಕಾಗೆ ಎಲ್ಲ ಅಲ್ಲಿಗೇ ಹೊರಗೆ. ಸಂತೆಬೀದಿಯ ಕೋಳಿ ಅಂಗಡಿ ಭಾಯಿ ಹತ್ತಿರ ಒಂದ್ಸಲ ಇದೇ ಮಾತು ಬಂತು. ಅವರೂ, "ಉಗುರಲ್ಲಿ ಬೇಟೆ ಹಿಡಿಯೋ ಹಕ್ಕಿ ನಮಗೆ ಹರಾಮ್ ಅಣ್ಣ" ಅಂದ್ರು. ಎರಡು ಮನೆ ಲೆಕ್ಕ ಒಂದೇ ಕಡೆ ಬಂದು ನಿಂತಿತು.

ಆದರೆ ಈ ಲೆಕ್ಕ ಎಲ್ಲಾ ಕಡೆ ಹೊಂದಲ್ಲ ಕಣ್ರಪ್ಪ. ಗಿಳಿ ಕಾಳು ತಿನ್ನತ್ತೆ, ಹಣ್ಣು ತಿನ್ನತ್ತೆ, ನಾವು ಅದನ್ನ ತಿನ್ನಲ್ಲ. ಪಾರಿವಾಳ ಒಬ್ಬರಿಗೆ ಔಷಧ, ಇನ್ನೊಬ್ಬರಿಗೆ ದೇವಸ್ಥಾನದ ಹಕ್ಕಿ. ನವಿಲು ನಮಗೆ ಸುಬ್ರಹ್ಮಣ್ಯನ ವಾಹನ, 1963ರಿಂದ ರಾಷ್ಟ್ರಪಕ್ಷಿ. ಆದರೆ ಅಶೋಕನ ಅಡುಗೆಮನೆಯಲ್ಲಿ ನವಿಲು ಬೇಯ್ತಾ ಇತ್ತು. ಅವನ ಮೊದಲನೇ ಬಂಡೆ ಶಾಸನದಲ್ಲೇ ಇದೆ, ಮೊದಲು ಲೆಕ್ಕವಿಲ್ಲದಷ್ಟು ಪ್ರಾಣಿ ಕೊಲ್ತಿದ್ವಿ, ಈಗ ಎರಡು ನವಿಲು ಒಂದು ಜಿಂಕೆ ಮಾತ್ರ, ಮುಂದೆ ಅದೂ ಇಲ್ಲ ಅಂತ. ಮಗಳ ಪುಸ್ತಕದಲ್ಲಿ ಓದಿ ನಾನೇ ಬೆರಗಾದೆ. ಇನ್ನು ಗಲೀಜಿನ ಮಾತು ಬಿಡಿ. ನಾಟಿ ಕೋಳಿ ತಿಪ್ಪೆಯಲ್ಲಿ ಏನೇನು ಕೆದಕಿ ತಿನ್ನತ್ತೆ ಅಂತ ನಮಗೆಲ್ಲ ಗೊತ್ತು. ಆದರೂ ಹಬ್ಬದ ದಿನ ಮುದ್ದೆಗೆ ಅದೇ ಸಾರು ಬೇಕು.

ನಮ್ಮ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನೇ ನೋಡಿ. ಕೊಕ್ಕರೆಗಳು, ಹೆಜ್ಜಾರ್ಲೆಗಳು ಊರೊಳಗಿನ ಹುಣಸೆ ಮರದಲ್ಲೇ ಗೂಡು ಕಟ್ಟತ್ವೆ. ಕೈಗೆ ಸಿಗೋ ಹಾಗೆ ಮರಿ ಕೆಳಗೆ ಬೀಳತ್ವೆ. ಯಾರೂ ತಿನ್ನಲ್ಲ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತಾರೆ. ಮರದ ಕೆಳಗೆ ಬಿದ್ದ ಹಿಕ್ಕೆ ಹೊಲಕ್ಕೆ ಗೊಬ್ಬರ. ಅಕ್ಕರೆಯೂ ಇದೆ, ಲಾಭವೂ ಇದೆ, ಎರಡೂ ಒಟ್ಟಿಗೆ ನಿಂತಿವೆ.

ಸರಿ, ಈಗ ಉಳಿದ ಅರ್ಧ ಮಾತು.

ಹದಿನೈದು ವರ್ಷ ಮೇಲಾಯ್ತು. ಆ ವರ್ಷ ಗದ್ದೆಯಲ್ಲಿ ಏಡಿ ಕಾಟ ವಿಪರೀತ. ಬದು ತೂತು ಮಾಡಿ ನೀರು ನಿಲ್ಲಿಸೋಕೆ ಬಿಡ್ತಿರಲಿಲ್ಲ, ಎಳೇ ಪೈರು ಬುಡಕ್ಕೆ ಕತ್ತರಿಸ್ತಿತ್ತು. ಯಾರೋ ಹೇಳಿದ ಹಾಗೆ ಗುಳಿಗೆ ಔಷಧಿ ಅನ್ನಕ್ಕೆ ಕಲಸಿ ಸಂಜೆ ಬಿಲದ ಬಾಯಿಗೆಲ್ಲ ಇಟ್ಟೆ. ನಾವು ಔಷಧಿ ಅಂತೀವಿ. ಅದು ವಿಷ.

ಬೆಳಿಗ್ಗೆ ಏಡಿ ಸತ್ತಿದ್ವು. ಜೊತೆಗೆ ಮೂರು ಬೆಳ್ಳಕ್ಕಿ ಬಿದ್ದಿದ್ವು. ಒಂದು ಹುಂಡುಕೋಳಿ ಬದುವಿನ ಮೇಲೆ ತೂರಾಡ್ತಾ ಇತ್ತು. ಕಳೆ ಕೀಳೋಕೆ ಬರ್ತಾ ಇದ್ದ ಒಬ್ಬ ಆಳು ಅದನ್ನ ಸಲೀಸಾಗಿ ಹಿಡ್ಕೊಂಡ. ಟವೆಲ್ಲಲ್ಲಿ ಸುತ್ತಿ ತಗೊಂಡು ಹೋಗೋದನ್ನ ನಾನು ಪಂಪ್‌ಸೆಟ್ ಮನೆ ಬಾಗಿಲಲ್ಲಿ ನಿಂತು ನೋಡಿದೆ. ಕೂಗಬಹುದಿತ್ತು. ಕೂಗಿದ್ರೆ ವಿಷ ಇಟ್ಟಿದ್ದು ನಾನೇ ಅಂತ ಹೇಳಬೇಕಿತ್ತು, ನಾಲ್ಕು ಜನ ಬಯ್ಯೋರು. ತೊಳೆದು ಬೇಯಿಸಿದ್ರೆ ಏನಾಗತ್ತೆ ಬಿಡು ಅಂತ ನನಗೆ ನಾನೇ ಸಮಾಧಾನ ಹೇಳ್ಕೊಂಡೆ.

ರಾತ್ರಿ ಎಂಟೂವರೆಗೆ ಅವನ ಹೆಂಡತಿ, ಎರಡು ಮಕ್ಕಳಿಗೆ ವಾಂತಿ ಶುರುವಾಯ್ತು. ಟೆಂಪೋದಲ್ಲಿ ಆಸ್ಪತ್ರೆಗೆ ಹಾಕ್ಕೊಂಡು ಹೋದ್ವಿ, ನಾನೂ ಹೋದೆ. ಚಿಕ್ಕ ಮಗೂಗೆ ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು. ಡಾಕ್ಟ್ರು ಏನು ತಿಂದ್ರಿ ಅಂತ ಕೇಳಿದ್ರು. ಹಕ್ಕಿ ಸಾರು ಅಂದ್ರು. ಹಳಸಿದ್ದು ತಿಂದಿರಬೇಕು ಅಂತ ಬರೆಯೋಕೆ ಹೊರಟ್ರು. ನಾನು ಹೊರಗೆ ಬಂದು ಬೀಡಿ ಹಚ್ಚಿದೆ. ಪೂರ್ತಿ ಸೇದಿದೆ. ಆ ಒಂದು ಬೀಡಿ ಹೊತ್ತನ್ನ ಇವತ್ತಿಗೂ ಲೆಕ್ಕದಿಂದ ಕಳೆಯೋಕೆ ಆಗಿಲ್ಲ. ಆಮೇಲೆ ಒಳಗೆ ಹೋಗಿ, ಗದ್ದೆಗೆ ಇಂಥ ಗುಳಿಗೆ ಹಾಕಿದ್ದೆ ಸಾರ್ ಅಂದೆ. ಡಾಕ್ಟ್ರು ಮಗೂ ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿದ್ರು. ಪಾಪೆ ಸೂಜಿ ಮೊನೆಯಷ್ಟಾಗಿತ್ತು. ತಕ್ಷಣ ಅಟ್ರೋಪಿನ್ ಇಂಜೆಕ್ಷನ್ ಕೊಟ್ರು. ನನ್ನನ್ನ ಬಯ್ಯೋಕೂ ಅವರಿಗೆ ಪುರುಸೊತ್ತಿರಲಿಲ್ಲ.

ಮೂರನೇ ದಿನ ಎಲ್ಲರೂ ಮನೆಗೆ ಬಂದ್ರು. ಖರ್ಚು ನಾನು ಕೊಟ್ಟೆ. ಆಳು ಒಂದು ಮಾತೂ ಆಡಲಿಲ್ಲ. ಅವನ ಹೆಂಡತಿ ಮಾತ್ರ ಬಾಗಿಲಲ್ಲಿ ನಿಂತು, "ಅವರು ತಗೊಂಡು ಬರೋದನ್ನ ನೀವು ನೋಡಿದ್ರಂತಲ್ಲಣ್ಣ?" ಅಂದ್ಲು. ಉತ್ತರ ಕೊಡೋಕೆ ನನ್ನ ಹತ್ರ ಏನೂ ಇರಲಿಲ್ಲ. ಮುಂದಿನ ವರ್ಷದಿಂದ ಅವರು ನಮ್ಮ ಗದ್ದೆಗೆ ಬರಲಿಲ್ಲ.

ಅಪ್ಪನ ಲೆಕ್ಕ ನನಗೆ ಅರ್ಥ ಆಗಿದ್ದು ಆಮೇಲೆ. ಕಾಳೋ ಮಾಂಸವೋ ಅನ್ನೋದು ಮೇಲಿನ ಮಾತು. ಅವರು ಕೇಳ್ತಾ ಇದ್ದದ್ದು, ಈ ಹಕ್ಕಿ ಹೊಟ್ಟೆಯಲ್ಲಿ ಏನಿದೆ ಅಂತ ನಿನಗೆ ಗೊತ್ತಾ? ಅಂತ. ಮನೆ ಕೋಳಿ ತಿಪ್ಪೆ ಕೆದಕಿದ್ರೂ ಅದು ನಮ್ಮ ತಿಪ್ಪೆ. ಕಾಗೆ, ಹದ್ದು ಎಲ್ಲಿ ಯಾವ ಹೆಣ ತಿಂದವೋ ಗೊತ್ತಿಲ್ಲ, ಅದಕ್ಕೆ ಬೇಡ. ತಾನಾಗಿ ಸತ್ತ ಕೋಳೀನ ಅಪ್ಪ ಗುಂಡಿ ತೋಡಿ ಹೂಳೋರು, ಅದೂ ಅದಕ್ಕೇ. ಅವರ ಕಾಲದಲ್ಲಿ ಗೌಜಲು, ಹುಂಡುಕೋಳಿ ಹೊಟ್ಟೆಯಲ್ಲಿ ಇದ್ದದ್ದು ಹುಲ್ಲಿನ ಬೀಜ, ಹುಳ. ಈಗ ಇರೋದು ನಾವು ಬೀಜೋಪಚಾರ ಮಾಡಿದ ಕಾಳು, ನಾವು ಹೊಡೆದ ಔಷಧಿ. ಇವತ್ತು ಅಪ್ಪ ಇದ್ದಿದ್ರೆ ಗೌಜಲನ್ನೂ ಕಾಗೆ ಸಾಲಿಗೇ ಸೇರಿಸ್ತಿದ್ರು.

ಅದಕ್ಕೇ ಕೆಲವು ಮಾತು. ಓಡಲಾರದ, ಹಾರಲಾರದ ಹಕ್ಕಿ ಸಿಕ್ಕಿದ್ರೆ ಅದೃಷ್ಟ ಅಂದ್ಕೋಬೇಡಿ. ಸತ್ತಿದ್ರೆ ಬರಿಗೈಯಲ್ಲಿ ಮುಟ್ಟದೆ ಆಳವಾಗಿ ಹೂತುಬಿಡಿ, ನಾಯಿ ಎಳೆಯದ ಹಾಗೆ. ಕಾಳಿಗೆ, ಅನ್ನಕ್ಕೆ ವಿಷ ಕಲಸಿ ಹೊಲದಲ್ಲಿ ಇಡಲೇಬೇಡಿ. ನವಿಲು ಬಿತ್ತನೆ ಹಾಳು ಮಾಡತ್ತೆ, ನನ್ನದೂ ಮಾಡಿದೆ, ಆದರೂ ಬೇಡ. ಹೆಚ್ಚು ಕಮ್ಮಿ ಆದ್ರೆ ಔಷಧಿ ಪ್ಯಾಕೆಟ್ಟನ್ನೇ ಆಸ್ಪತ್ರೆಗೆ ತಗೊಂಡು ಹೋಗಿ, ಮೊದಲ ಮಾತಲ್ಲೇ ಹೇಳಿ. ನನ್ನ ಹಾಗೆ ಬೀಡಿ ಸೇದ್ತಾ ನಿಲ್ಲಬೇಡಿ.

ಏಡಿಗೆ ಈಗ ನಾನು ಏನೂ ಇಡಲ್ಲ. ರಾತ್ರಿ ಟಾರ್ಚ್ ಹಿಡಿದು, ಬಕೆಟ್ ತಗೊಂಡು ಹೋಗಿ ಕೈಯಲ್ಲೇ ಹಿಡಿದು ತರ್ತೀವಿ. ಮನೆಯಲ್ಲಿ ಏಡಿ ಸಾರು ಮಾಡ್ತಾರೆ. ಗದ್ದೆಗೆ ನಾನು ಏನು ಹಾಕಿದ್ದೀನಿ ಅಂತ ಗೊತ್ತಿರೋದ್ರಿಂದ ಧೈರ್ಯವಾಗಿ ತಿಂತೀವಿ.

ಟ್ರ್ಯಾಕ್ಟರ್ ಹುಡುಗ ಶುಕ್ರವಾರ ಮತ್ತೆ ಬರ್ತಾನೆ. ಅವನಿಗೆ ಈ ಅರ್ಧ ಮಾತೂ ಹೇಳಬೇಕು. ನಿಮ್ಮ ಕಡೆ ಯಾವ ಹಕ್ಕಿ ಬಿಡ್ತೀರಿ, ಹಿರಿಯರು ಅದಕ್ಕೆ ಏನು ಕಾರಣ ಹೇಳ್ತಿದ್ರು, ನೀವೂ ಬರೀರಿ.