ಊದು ಕೇಳಿದರೆ ಊದಿನಕಡ್ಡಿ

ತುಮಕೂರಿನ ಮಂಡಿಪೇಟೆ ಕಡೆ ಒಂದು ಅಂಗಡಿ. ಒಂದು ಗೋಡೆಗೆ ಪೂಜೆ ಸಾಮಾನು, ಇನ್ನೊಂದಕ್ಕೆ ಭಜನೆ ತಾಳ, ಡೋಲಕ್ಕು, ತಂಬೂರಿ. ಅಲ್ಲಿಗೆ ಹೋಗಿ "ಊದ್ ಇದೆಯೇನಪ್ಪಾ?" ಅಂತ ಕೇಳಿದೆ. ಹುಡುಗ ತಲೆ ಎತ್ತದೆ, "ಗಂಧದ್ದೋ, ಮಲ್ಲಿಗೇದೋ?" ಅಂದ.

ಅವನದೇನೂ ತಪ್ಪಿಲ್ಲ. ಅರಬ್ಬಿಯಲ್ಲಿ ಊದ್ ಅಂದರೆ ಮರ. ಸುಟ್ಟರೆ ಘಮಘಮಿಸುವ ಅಗರು ಮರವೂ ಊದೇ, ತಂತಿ ಬಿಗಿದು ಮೀಟುವ ವಾದ್ಯವೂ ಊದೇ. ಮೊದಲನೆಯದು ನಮ್ಮ ದೇವರಮನೆವರೆಗೂ ನಡೆದು ಬಂದು ಊದಿನಕಡ್ಡಿಯಾಯಿತು. ಎರಡನೆಯದು 'ಅಲ್-ಊದ್' ಎಂಬ ಹೆಸರು ಹೊತ್ತು ಯುರೋಪಿಗೆ ಹೋಗಿ ಲ್ಯೂಟ್ ಆಯಿತು. ಗುಬ್ಬಿ ಕುಣಿಗಲ್ ಕಡೆ ತಲೆ ಹಾಕಲಿಲ್ಲ.

ಈ ಹುಚ್ಚು ಹತ್ತಿಸಿದವನು ದುಬೈನಲ್ಲಿರುವ ನನ್ನ ತಂಗಿ ಮಗ. ಇಸ್ತಾಂಬುಲ್ ನೋಡಲು ಹೋದವನು ಅಲ್ಲಿನ ಯಾರೋ ನುಡಿಸುತ್ತಿದ್ದುದನ್ನು ಫೋನಿನಲ್ಲಿ ಹಿಡಿದು ಕಳಿಸಿದ. ಅರ್ಧ ಸೀಳಿದ ಕುಂಬಳಕಾಯಿಯಂಥ ಹೊಟ್ಟೆ, ಗಿಡ್ಡ ಕತ್ತು, ಹಿಂದಕ್ಕೆ ಮುರಿದಂತಿರುವ ತಲೆ. ನಾದವೋ, ರಾತ್ರಿ ಊಟವಾದ ಮೇಲೆ ಜಗುಲಿಯಲ್ಲಿ ಕೂತು ಯಾರೋ ಹಿರಿಯರು ಹಳೇ ಕಥೆ ಹೇಳಿದ ಹಾಗೆ. ರಿಟೈರಾದ ಮೇಲೆ ನನಗೆ ಬೇರೆ ಕೆಲಸವಿರಲಿಲ್ಲ. "ಇದನ್ನು ಕಲಿಯಬಹುದೇನೋ" ಅಂದುಬಿಟ್ಟೆ. "ತರ್ತೀನಿ ಮಾವ. ತೀರಾ ಅಗ್ಗದ್ದು ಬೇಡ, ತೀರಾ ದುಬಾರಿಯದೂ ಬೇಡ, ನಡುಬೆಲೆಯದು" ಅಂದ.

ಆಮೇಲೆ ಒಂದು ತಿಂಗಳು ಊದ್ ಪುರಾಣ. ತಂತಿ 11: ಐದು ಜೋಡಿ, ಒಂದು ಒಂಟಿ. ಟರ್ಕಿಯದರಲ್ಲಿ ಮೀಟುವ ತಂತಿಯ ಉದ್ದ ಸುಮಾರು 58.5 ಸೆಂಟಿಮೀಟರು, ಅರಬ್ಬರದು ಎರಡು ಮೂರು ಸೆಂಟಿಮೀಟರು ಹೆಚ್ಚು. ನನ್ನ ಮೋಟು ಬೆರಳಿಗೆ ಟರ್ಕಿಯದೇ ವಾಸಿ. ಮೀಟುವ ಕಡ್ಡಿಗೆ ಅವರು 'ಮಿಜ್ರಾಪ್' ಅನ್ನುತ್ತಾರೆ, ನಮ್ಮ ಸಿತಾರಿನವರ ಮಿಜ್ರಾಬಿನ ದಾಯಾದಿ. ಒಂದು ಸ್ವರದಿಂದ ಮುಂದಿನ ಸ್ವರಕ್ಕೆ ಹೋಗುವ ಪೂರ್ತಿ ಹೆಜ್ಜೆಯನ್ನು ಅವರ ಶಾಸ್ತ್ರ ಒಂಬತ್ತು ಚೂರು ಮಾಡುತ್ತದಂತೆ, ಇಡೀ ಸ್ಥಾಯಿಗೆ 53. ಇಷ್ಟೆಲ್ಲ ಚೂರಿದ್ದೂ ಕತ್ತಿನ ಮೇಲೆ ಒಂದೇ ಒಂದು ಮೆಟ್ಟಿಲ್ಲ! ಬೆರಳು ಎಲ್ಲಿಡಬೇಕೆಂದು ಕಿವಿಯೇ ಹೇಳಬೇಕು. ನನ್ನ ಕಿವಿಯೋ, ಎರಡನೇ ಸಲ ಕರೆದರೆ ತಿರುಗುವಂಥದ್ದು.

ನನ್ನ ಮಾವನ ಮನೆ ಗುಬ್ಬಿ. ಅಲ್ಲೊಬ್ಬರು ಹಾರ್ಮೋನಿಯಂ ಮೇಷ್ಟ್ರಿದ್ದಾರೆ. ಅವರಿಗೆ ವಿಡಿಯೋ ತೋರಿಸಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು. "ಚೆನ್ನಾಗಿದೆ ಸ್ವಾಮಿ. ಆದ್ರೆ ವೀಣೆಗೆ 24 ಮೆಟ್ಟಿದೆ, ಪೆಟ್ಟಿಗೆಗೆ ಮನೆಗಳಿವೆ. ಮೆಟ್ಟೂ ಇಲ್ಲ, ಮನೇನೂ ಇಲ್ಲ ಅಂದ್ರೆ ಅದು ಸನ್ಯಾಸಿಗಳ ವಾದ್ಯ. ನೀವು ಸಂಸಾರಸ್ಥರು." ಒಂದು ಕ್ಷಣ ಬಿಟ್ಟು, "ಚೈತ್ರದ ಬಿಸಿಲಿಗೆ ಆ ಹೊಟ್ಟೆ ಅಂಟು ಬಿಟ್ರೆ ಯಾರ ಹತ್ರ ತಗೊಂಡು ಹೋಗ್ತೀರಿ?" ಅಂದರು. ಈ ಪ್ರಶ್ನೆ ನನ್ನ ಪುರಾಣದಲ್ಲಿ ಎಲ್ಲೂ ಬಂದಿರಲಿಲ್ಲ. ಊದಿನ ಆಸೆ ಅಲ್ಲಿಗೆ ಬಿಟ್ಟು ಹಾರ್ಮೋನಿಯಂ ಕಡೆ ತಿರುಗಿದೆ.

ಗುಬ್ಬಿಯಲ್ಲಿ ಕೂತು ಹಾರ್ಮೋನಿಯಂ ಬೇಡ ಅನ್ನುವುದು ದಾವಣಗೆರೆಯಲ್ಲಿ ಕೂತು ಬೆಣ್ಣೆ ಬೇಡ ಅಂದ ಹಾಗೆ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ, ವೀರಣ್ಣನವರ ಕೈಯಲ್ಲಿ ಬೆಳೆದು ರಂಗದ ಮೇಲೆ ನಿಜವಾದ ಆನೆ ಕುದುರೆ ತಂದು 'ಕುರುಕ್ಷೇತ್ರ' ಆಡಿತು. ಆನೆಯನ್ನಾದರೂ ಬಿಟ್ಟು ನಾಟಕ ಆಡಬಹುದಿತ್ತು, ಕಾಲಲ್ಲಿ ತಿದಿ ತುಳಿಯುವ ಲೆಗ್ ಹಾರ್ಮೋನಿಯಂ ಬಿಟ್ಟು ಆಗುತ್ತಿರಲಿಲ್ಲ. ಇವತ್ತಿಗೂ ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಕುರುಕ್ಷೇತ್ರ ಅಂದರೆ ಅದೇ ವ್ಯವಸ್ಥೆ: ಪಾತ್ರಧಾರಿಗಳೇ ದುಡ್ಡು ಹಾಕುತ್ತಾರೆ, ದುರ್ಯೋಧನನ ಪಾತ್ರಕ್ಕೆ ಕೈ ಬಿಚ್ಚಬೇಕು. ತಿಂಗಳುಗಟ್ಟಲೆ ರಾತ್ರಿ ಹೊತ್ತು ಕಂದ, ವೃತ್ತ ಬಾಯಿಪಾಠ ಮಾಡಿಸುವವರು ಹಾರ್ಮೋನಿಯಂ ಮೇಷ್ಟ್ರು. ನಿರ್ದೇಶಕರೂ ಅವರೇ, ಜಗಳ ಬಿಡಿಸುವವರೂ ಅವರೇ.

ಹಾಗೆ ನೋಡಿದರೆ ಇದೂ ಪರದೇಶದ್ದೇ. ಪ್ಯಾರಿಸ್ಸಿನ ಅಲೆಕ್ಸಾಂಡರ್ ದಬೇನ್ 1842ರಲ್ಲಿ ಹಾರ್ಮೋನಿಯಂಗೆ ಪೇಟೆಂಟು ಪಡೆದ. ಕಲ್ಕತ್ತೆಯ ದ್ವಾರಕಾನಾಥ ಘೋಷರು ಅದರ ಕಾಲು ಕತ್ತರಿಸಿ, ನೆಲದ ಮೇಲೆ ಕೂರಿಸಿ, ಕೈಗೆ ತಿದಿ ಕೊಟ್ಟರು. ರೀಡು ಗುಜರಾತಿನ ಪಾಲಿಟಾಣದಲ್ಲೇ ತಯಾರಾಗತೊಡಗಿತು. ಗಮಕ ಬಾರದ ಪೆಟ್ಟಿಗೆ ಅಂತ ರೇಡಿಯೋದವರು 1940ರಲ್ಲಿ ಬಾಗಿಲು ಹಾಕಿದರು, ಮೂವತ್ತು ವರ್ಷ ತೆರೆಯಲಿಲ್ಲ. ಗುಬ್ಬಿ ಸೀಮೆಯವರು ತಲೆ ಕೆಡಿಸಿಕೊಂಡಂತೆ ಕಾಣೆ. ಊದ್ ಬೇಕೆಂದವನು ಬಹಿಷ್ಕೃತ ವಾದ್ಯಕ್ಕೆ ಒಲಿದೆ ಅಂತ ನಾನೂ ಸಮಾಧಾನ ಮಾಡಿಕೊಂಡೆ.

ನಡುಬೆಲೆ ಎಂಬ ಮಾತನ್ನು ಮಾತ್ರ ಬಿಡಲಿಲ್ಲ. ಇಪ್ಪತ್ತು ಸಾವಿರ ದಾಟಬಾರದು. ಮೇಷ್ಟ್ರನ್ನು ಕರೆದುಕೊಂಡು ಮೊದಲು ನೋಡಿದ್ದು ಅಂಗಡಿಯ ಹೊಸ ಪೆಟ್ಟಿಗೆ. ಮದುವೆ ಹೆಣ್ಣಿನಂತೆ ಮಿರುಗುತ್ತಿತ್ತು. ಮೇಷ್ಟ್ರು ಸ್ಟಾಪರನ್ನೆಲ್ಲ ಮುಚ್ಚಿ ತಿದಿ ಒತ್ತಿದರು. ಗಾಳಿ ತುಂಬಿದ ಮೇಲೆ "ಇನ್ನು ಆಗಲ್ಲ" ಅಂತ ತಿದಿ ಹಟ ಹಿಡಿಯಬೇಕು. ಇದು ಕೇಳಿದಷ್ಟೂ ಒತ್ತಿಸಿಕೊಳ್ಳುತ್ತಲೇ ಹೋಯಿತು. "ಎಲ್ಲೋ ಸೋರ್ತಿದೆ." ಸ್ಟಾಪರು ತೆರೆದು, ಮನೆ ಮುಟ್ಟದೆ ಗಾಳಿ ಹಾಕಿದರು. ಒಂದು ಸ್ವರ ಕರೆಯದೆ ಬಂದ ನೆಂಟನ ಹಾಗೆ ತಾನೇ ಕೂಗಿಕೊಂಡಿತು. ಅಂಗಡಿಯವರು ಮಾತು ತಿರುಗಿಸಿ ಸ್ಕೇಲ್ ಚೇಂಜರ್ ಇರುವ ಇನ್ನೊಂದು ತೋರಿಸಿದರು. ಮನೆಗಳ ಹಲಗೆಯೇ ಆಚೀಚೆ ಜರುಗುತ್ತದೆ. "ಸ ಎಲ್ಲಿದೆ ಅಂತ ಗೊತ್ತಿಲ್ಲದೋರಿಗೆ ಸ ಜರುಗಿಸೋ ಯಂತ್ರ ಯಾಕೆ?" ಅಂತ ಮೇಷ್ಟ್ರು ಎದ್ದರು. ನನಗೆ ಆ ಯಂತ್ರ ಇಷ್ಟವಾಗಿತ್ತು ಅಂತ ಹೇಳುವ ಧೈರ್ಯ ಬರಲಿಲ್ಲ.

ಎರಡನೆಯದು ಕುಣಿಗಲ್ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಕುಣಿಗಲ್ಲಿನವನಾದ ನನಗೆ ವ್ಯಾಪಾರ ಅಂದರೆ ಕುದುರೆ ಫಾರಂ ನೆನಪು. ಬಾಯಿ ಬಿಡಿಸಿ ಹಲ್ಲು ನೋಡಬೇಕು. ದುರ್ಯೋಧನನಾಗಲು ಪೆಟ್ಟಿಗೆ ಕೊಂಡಿದ್ದ ಪುಣ್ಯಾತ್ಮರೊಬ್ಬರು, ಮನೆಯಲ್ಲಿ ಭೀಮನಂಥ ವಿರೋಧ ಎದ್ದ ಮೇಲೆ ಮಾರಲು ಇಟ್ಟಿದ್ದರು. ಮೂರೂವರೆ ಸ್ಥಾಯಿ, 42 ಮನೆ, ಎರಡು ಸಾಲು ರೀಡು, ಸಾಗುವಾನಿ. ಪಾಲಿಷು ಹೋಗಿತ್ತು. ತಿದಿ ಹಟ ಹಿಡಿಯಿತು. ಮೂರು ಸ್ಥಾಯಿಯ ಷಡ್ಜ ಒಟ್ಟಿಗೆ ಒತ್ತಿದರೆ ಅಲೆ ಏಳದೆ ಒಂದೇ ಗೆರೆಯಂತೆ ನಿಂತವು. ಆದರೂ ಮೇಷ್ಟ್ರ ಮುಖ ಬಿಚ್ಚಲಿಲ್ಲ. ಮಧ್ಯದ ಗಾಂಧಾರ ನೆಗಡಿ ಬಂದಂತೆ ಮಾತಾಡುತ್ತಿತ್ತು.

ನಮ್ಮ ಕೈದಾಳದ ಕಥೆ ಗೊತ್ತಲ್ಲ. ಜಕಣಾಚಾರಿ ಕಡೆದ ಮೂರ್ತಿಯಲ್ಲಿ ದೋಷವಿದೆ ಅಂತ ಎಳೆಹುಡುಗ ಡಂಕಣ ಹೇಳಿದ; ಗಂಧ ಬಳಿದರೆ ಹೊಕ್ಕುಳ ಹತ್ತಿರ ಮಾತ್ರ ಒಣಗಲಿಲ್ಲ; ಒಳಗೆ ಕಪ್ಪೆ. ಮೇಷ್ಟ್ರು ಸ್ಕ್ರೂಡ್ರೈವರ್ ತರಿಸಿ ಪೆಟ್ಟಿಗೆ ಬಿಚ್ಚಿದರು. ರೀಡಿನ ಪಕ್ಕ ಹಲ್ಲಿ ಮೊಟ್ಟೆಯ ಸಿಪ್ಪೆ, ಎರಡು. ಊದಿ ತೆಗೆದರು. ಗಾಂಧಾರಕ್ಕೆ ನೆಗಡಿ ಬಿಟ್ಟಿತು. "ಅವರಿಗೆ ಕಪ್ಪೆ, ನಮಗೆ ಹಲ್ಲಿ" ಅಂತ ನಕ್ಕು, ಆ ಹಲ್ಲಿಯ ಹೆಸರಲ್ಲೇ ಒಂದು ಸಾವಿರ ಚೌಕಾಸಿ ಮಾಡಿದರು. ಹದಿನಾಲ್ಕಕ್ಕೆ ಮುಗಿಯಿತು.

ಈಗ ಆರು ತಿಂಗಳು. ಸರಳೆ, ಜಂಟಿವರಿಸೆ ದಾಟಿದ್ದೇನೆ. ಮನೆಯವಳು ಟಿ.ವಿ. ಶಬ್ದ ಹೆಚ್ಚು ಮಾಡುವುದನ್ನು ಕಡಿಮೆ ಮಾಡಿದ್ದಾಳೆ. ಮೊನ್ನೆ ತಂಗಿ ಮಗ ಬಂದ. "ಮಾವ, ಊದ್ ತಂದಿದ್ದೀನಿ" ಅಂದಾಗ ಎದೆ ಧಸಕ್ಕೆಂದಿತು. ಚೀಲದಿಂದ ತೆಗೆದದ್ದು ಅಂಗೈಯಗಲದ ಡಬ್ಬಿ; ಒಳಗೆ ಅಗರು ಚಕ್ಕೆ. ಕೆಂಡದ ಮೇಲೆ ಒಂದು ಚೂರು ಹಾಕಿ, ಪೆಟ್ಟಿಗೆಗೆ ಮೊದಲು ತೋರಿಸೋಣವೆಂದು ಹಿಡಿದೆ. ಪಾಠಕ್ಕೆ ಬಂದಿದ್ದ ಮೇಷ್ಟ್ರು ಬಾಗಿಲಲ್ಲೇ ಕೂಗಿದರು: "ಮೊದ್ಲು ಪೆಟ್ಟಿಗೆ ಮುಚ್ಚಿ ಸ್ವಾಮಿ, ಹೊಗೆ ರೀಡಿಗೆ ಹೋಗುತ್ತೆ!"