ಮತ್ತಿಕೆರೆಯ ಕಪಾಟು, ಕುತ್ಲೂರಿನ ದಾರಿ

ಮತ್ತಿಕೆರೆಯ ನಮ್ಮ ಬಾಡಿಗೆ ಮನೆಯ ಕಪಾಟಿನಲ್ಲಿ ಭಗತ್ ಸಿಂಗ್ ಬಗ್ಗೆ ಒಂದು ಪುಸ್ತಕ ಇದೆ. ಅದರ ಕೆಳಗೆ ಹಳೇ ಪೇಪರ್ ಕಟಿಂಗ್‌ಗಳ ಕವರ್. ಜೊತೆಗೆ ಒಂದು ಜೆರಾಕ್ಸ್ ಪತ್ರ. ನಮ್ಮ ಕ್ರಾಸಿನ ರಸ್ತೆ ಅಗೆದು ತಿಂಗಳುಗಟ್ಟಲೆ ಹಾಗೇ ಬಿಟ್ಟಾಗ ಬೀದಿಯವರೆಲ್ಲ ಸಹಿ ಹಾಕಿ ಬರೆದಿದ್ದು. ‘ರಸ್ತೆ ಆಗದಿದ್ದರೆ ಈ ಸಲ ವೋಟಿಲ್ಲ’ ಅಂತ ಕೊನೆಯ ಸಾಲು ಸೇರಿಸಿದವರು ಕೆಳಗಿನ ಮನೆ ಅಂಕಲ್. ಪತ್ರ ಕೊಟ್ಟು ಬಂದೆವು, ದೂರಿನ ನಂಬರ್ ಸಿಕ್ಕಿತು. ಅಷ್ಟೇ ಆಗಿದ್ದು.

ಇಂಥದ್ದೇ ವಸ್ತುಗಳನ್ನು ಒಬ್ಬ ವಿದ್ಯಾರ್ಥಿಯ ವಿರುದ್ಧ ಸಾಕ್ಷಿ ಅಂತ ಕೋರ್ಟಿನ ಮುಂದಿಟ್ಟಿದ್ದರು. ನನಗದು ಗೊತ್ತಾಗಿದ್ದು ‘19.20.21’ ಸಿನಿಮಾದಿಂದ. ಮಂಸೋರೆ ನಿರ್ದೇಶನದ ಈ ಚಿತ್ರ 2023ರ ಮಾರ್ಚ್ 3ರಂದು ಬಿಡುಗಡೆಯಾಯಿತು. ಹೆಸರು ಬಂದದ್ದು ಸಂವಿಧಾನದ ಮೂರು ವಿಧಿಗಳಿಂದ: 19 ಅಂದರೆ ಮಾತಿನ ಸ್ವಾತಂತ್ರ್ಯ, 20 ಅಂದರೆ ಆರೋಪಿಗೆ ಇರುವ ರಕ್ಷಣೆ, 21 ಅಂದರೆ ಜೀವ ಮತ್ತು ಸ್ವಾತಂತ್ರ್ಯದ ಹಕ್ಕು. ಸಿನಿಮಾದ ಹುಡುಗ ಮಂಜು. ಅವನ ಹಿಂದಿರುವ ನಿಜವಾದ ವ್ಯಕ್ತಿ ವಿಠಲ ಮಲೆಕುಡಿಯ.

2012ರ ಮಾರ್ಚ್‌ನಲ್ಲಿ ಅವರನ್ನು ಬಂಧಿಸಿದಾಗ ವಯಸ್ಸು 23, ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದುತ್ತಿದ್ದರು. ನಕ್ಸಲರಿಗೆ ನೆರವಾಗಿದ್ದಾರೆ ಅನ್ನೋದು ಆರೋಪ. ತಂದೆಯನ್ನೂ ಬಂಧಿಸಿದರು. ರಾಜದ್ರೋಹದ ಕಲಮು, ಜೊತೆಗೆ ಯುಎಪಿಎ. ಸುಮಾರು ನಾಲ್ಕು ತಿಂಗಳ ಜೈಲು, ಆಮೇಲೆ ಜಾಮೀನು. 2021ರ ಅಕ್ಟೋಬರ್‌ನಲ್ಲಿ ಮಂಗಳೂರಿನ ನ್ಯಾಯಾಲಯ ಇಬ್ಬರನ್ನೂ ಖುಲಾಸೆ ಮಾಡಿತು. ಅಷ್ಟರಲ್ಲಿ ವಿದ್ಯಾರ್ಥಿ ಪತ್ರಕರ್ತರಾಗಿದ್ದರು.

ಸಿನಿಮಾದಲ್ಲಿ ಇದೆಲ್ಲ ಎರಡು ಗಂಟೆ ಚಿಲ್ಲರೆ. ವಕೀಲರ ವಾದ ಕೇಳುವಾಗ ಮೈ ಬಿಸಿಯಾಗುತ್ತೆ, ಕೊನೆಗೆ ನಿಟ್ಟುಸಿರು ಬರುತ್ತೆ. ತೀರ್ಪಿನ ವರದಿಗಳನ್ನು ಓದಿದರೆ ಅಷ್ಟು ನಾಟಕ ಇಲ್ಲ. ನ್ಯಾಯಾಧೀಶರು ಸಾಕ್ಷಿಗಳನ್ನು ಒಂದೊಂದಾಗಿ ಎತ್ತಿ ನೋಡಿದ್ದಾರೆ. ಭಗತ್ ಸಿಂಗ್ ಪುಸ್ತಕ ಇಟ್ಟುಕೊಳ್ಳೋದು, ಪತ್ರಿಕೆ ಓದೋದು ಕಾನೂನಿನಲ್ಲಿ ನಿಷಿದ್ಧವಲ್ಲ. ಊರಿಗೆ ಮೂಲಸೌಕರ್ಯ ಸಿಗುವವರೆಗೆ ಲೋಕಸಭಾ ಚುನಾವಣೆ ಬಹಿಷ್ಕರಿಸೋಣ ಅನ್ನುವ ಪತ್ರದಲ್ಲಿ ಇರೋದು ಜನರ ಬಹುಕಾಲದ ಬೇಡಿಕೆ. ಇಷ್ಟು ಹೇಳೋಕೆ ಒಂಬತ್ತೂವರೆ ವರ್ಷ ಬೇಕಾಯಿತು.

ಆ ಒಂಬತ್ತೂವರೆ ವರ್ಷ ಅಂದ್ರೆ ಏನು ಅಂತ ನನಗೆ ಸಿನಿಮಾದಲ್ಲಿ ಗೊತ್ತಾಗಲಿಲ್ಲ. ಗೊತ್ತಾಗಿದ್ದು ಅವರ ಊರು ಕುತ್ಲೂರಿಗೆ ಹೋದಾಗ.

ಹೋಗೋಕೆ ನೆಪವಾಗಿದ್ದು ಇನ್ನೊಂದು ಸುದ್ದಿ. 2024ರಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಅತ್ಯುತ್ತಮ ಪ್ರವಾಸಿ ಗ್ರಾಮ ಸ್ಪರ್ಧೆಯ ಸಾಹಸ ವಿಭಾಗದಲ್ಲಿ ಕುತ್ಲೂರು ಗೆದ್ದಿತು. ಅದೇ ಕುತ್ಲೂರಾ? ಹೌದು, ಅದೇ! ಗೊರಗುಂಟೆಪಾಳ್ಯದಲ್ಲಿ ರಾತ್ರಿ ಧರ್ಮಸ್ಥಳದ ಬಸ್ಸು ಹತ್ತಿದೆ. ಬೆಳಿಗ್ಗೆ ಅಲ್ಲಿಂದ ಬೆಳ್ತಂಗಡಿ, ಮತ್ತೆ ನಾರಾವಿ, ಆಮೇಲೆ ಜೀಪು.

“ನೀರು ಬೀಳುದು ನೋಡ್ಲಿಕ್ಕಾ?” ಅಂದ ಡ್ರೈವರ್.

“ಊರು ನೋಡೋಕೆ ಅಣ್ಣಾ.”

“ಊರಲ್ಲಿ ಎಂತ ಉಂಟು ಮಾರಾಯ್ರೆ? ಕಾಡು, ತೋಟ, ಉಂಬಳ.”

ಕುತ್ಲೂರಿನ ಮಲೆಕುಡಿಯರ ಮನೆಗಳು ಕುದುರೆಮುಖದ ಕಾಡಿನ ಒಳಗೆ, ಅಂಚಿನಲ್ಲಿ ಇವೆ. 1987ರಲ್ಲಿ ಇದು ರಾಷ್ಟ್ರೀಯ ಉದ್ಯಾನವಾದ ಮೇಲೆ ರಸ್ತೆಗೂ ಕರೆಂಟಿಗೂ ಅರಣ್ಯದ ನಿಯಮ ಅಡ್ಡ ಬಂತು. ಜೀಪು ನಿಂತ ಮೇಲೆ ನಡೆದೆ. ಹಸಿರು, ತೊರೆಯ ಸದ್ದು, ತಂಪು. ರೀಲ್ಸ್‌ಗೆ ಹೇಳಿ ಮಾಡಿಸಿದ ಜಾಗ. ಆದರೆ ಇಲ್ಲಿ ಕಾಯಿಲೆಯವರನ್ನು ಹೊತ್ತು ನಡೆಯೋದು ಹೇಗಿರಬೇಕು ಅಂತ ಯೋಚಿಸಿದರೆ ಆ ಪತ್ರದ ಸಿಟ್ಟು ಅರ್ಥವಾಗುತ್ತೆ. ಪ್ರವಾಸಿಗೆ ಸಾಹಸ ಅನ್ನಿಸಿದ ದಾರಿ ಊರಿನವರಿಗೆ ದಿನದ ಕಷ್ಟ.

ವಾಪಸ್ ಬರುವಾಗ ಬೇಕಂತಲೇ ಮಂಗಳೂರಿನ ದಾರಿ ಹಿಡಿದೆ. ನಾರಾವಿಯಿಂದ ಮೂಡುಬಿದಿರೆ, ಅಲ್ಲಿಂದ ಇನ್ನೊಂದು ಬಸ್ಸು. ಇಳಿದಾಗ ಬೆವರಲ್ಲಿ ತೊಯ್ದಿದ್ದೆ. ಕಾಡಂಚಿನ ಮನೆಯಿಂದ ಕೋರ್ಟಿಗೆ ಹೋಗಿ ಬರೋದು ಅಂದ್ರೆ ಒಂದು ಇಡೀ ದಿನ, ಆ ದಿನದ ಕೂಲಿ, ಬಸ್ ಚಾರ್ಜು. ಹೋದ ಮೇಲೆ ‘ಮುಂದಿನ ದಿನಾಂಕ’ ಅಂದರೆ ಮತ್ತೆ ಅಷ್ಟೇ ದಾರಿ. ಇದನ್ನು ಯಾವ ನಿರ್ದೇಶಕರೂ ಪೂರ್ತಿ ತೋರಿಸೋಕೆ ಆಗಲ್ಲ, ತೋರಿಸಿದರೆ ನಾವು ಎದ್ದು ಹೋಗ್ತೀವಿ. ಹಾಗಂತ ಸಿನಿಮಾ ಸೋತಿದೆ ಅಂತಲ್ಲ. ಅದು ನೋಡದಿದ್ದರೆ ನಾನು ಈ ಬಸ್ಸೇ ಹತ್ತುತ್ತಿರಲಿಲ್ಲ. ಆದರೆ ಸಿನಿಮಾದ ನ್ಯಾಯ ಕ್ಲೈಮ್ಯಾಕ್ಸಿನಲ್ಲಿ ಸಿಗುತ್ತೆ, ನಿಜದ ಶಿಕ್ಷೆ ತೀರ್ಪಿಗೆ ಮೊದಲೇ ಮುಗಿದಿರುತ್ತೆ.

ಮರುದಿನ ಬೆಳಿಗ್ಗೆ ಮತ್ತಿಕೆರೆಯ ಜೆ.ಪಿ. ಪಾರ್ಕಿನಲ್ಲಿ ವಾಕಿಂಗ್. ದಿನಾ ನೋಡುವ ಬೋರ್ಡನ್ನು ಅವತ್ತು ಓದಿದೆ. ಜಯಪ್ರಕಾಶ ನಾರಾಯಣ್. 1975ರಲ್ಲಿ ತುರ್ತುಪರಿಸ್ಥಿತಿ ಹೇರಿದಾಗ ಜೈಲಿಗೆ ಹೋದವರ ಹೆಸರಿನ ಪಾರ್ಕಿನಲ್ಲಿ ಇಷ್ಟು ವರ್ಷ ಸುಮ್ಮನೆ ಹೆಜ್ಜೆ ಲೆಕ್ಕ ಹಾಕುತ್ತಿದ್ದೆ.

ಮನೆಗೆ ಬಂದು ಕಪಾಟು ತೆಗೆದೆ. ಅದೇ ಪುಸ್ತಕ, ಅದೇ ಕಟಿಂಗ್‌ಗಳು, ಅದೇ ಪತ್ರ. ನಮ್ಮ ರಸ್ತೆಗೆ ಆಮೇಲೆ ಡಾಂಬರು ಬಿತ್ತು. ಕೆಳಗಿನ ಮನೆ ಅಂಕಲ್ ಆ ಕೊನೆಯ ಸಾಲಿನ ಬಗ್ಗೆ ಈಗಲೂ ಜಂಬ ಕೊಚ್ಚಿಕೊಳ್ತಾರೆ. ಹಾಗೆ ಕೊಚ್ಚಿಕೊಳ್ಳೋಕೆ ಆಗೋದೂ ಒಂದು ಅದೃಷ್ಟ ಅಂತ ಅವರಿಗಿನ್ನೂ ಹೇಳಿಲ್ಲ.