ಎಡಗಾಲಿಯ ಹೊಗೆ

ನೆಲ್ಲಿಕಟ್ಟೆಯ ತಿರುವಿನಲ್ಲಿ ಶಬ್ದ ಶುರುವಾಯಿತು. ಮುಂದೆ ಬಾವ ಓಡಿಸುವ ಪಿಕಪ್ಪು, ಹಿಂದೆ ಟ್ರೇಲರ್, ಅದರ ಮೇಲೆ ಹಗ್ಗ ಬಿಗಿದ ಫೈಬರ್ ದೋಣಿ. ಎಲ್ಲದರ ಮೇಲೆ ಆಟಿಯ ಮಳೆ. ಮೊದಲು ಗೊರಗೊರ, ಆಮೇಲೆ ಕಬ್ಬಿಣಕ್ಕೆ ಕಬ್ಬಿಣ ತಿಕ್ಕುವ ಕೀರಲು.

"ಎಂತ ಶಬ್ದ ಅದು?" ಮೇಸ್ತ್ರಿ ಕಿಟಕಿಯಿಂದ ತಲೆ ಹೊರಹಾಕಿದರು.

"ರಸ್ತೆ ಹಾಳಾದ್ದು," ಎಂದ ಬಾವ.

"ರಸ್ತೆ ಅಲ್ಲ. ನಿಲ್ಲಿಸು. ನಿಲ್ಲಿಸು ಮಾರಾಯ!"

ಇಳಿದು ಟಾರ್ಚು ಹಾಕಿದರೆ ಟ್ರೇಲರಿನ ಎಡಗಾಲಿಯ ನಡುವಿನಿಂದ ಹೊಗೆ. ಮಳೆಹನಿ ಬಿದ್ದಲ್ಲಿ ಚುಂಯ್ ಎಂದು ಆವಿ. ಗ್ರೀಸು ಸುಟ್ಟ ನಾತ ಮೂಗಿಗೆ ಬಡಿಯಿತು. ಅಷ್ಟರಲ್ಲಿ ಮತ್ತೆ ಫೋನು: ಚಂದ್ರಗಿರಿ ಹೊಳೆಯ ನೀರು ತೋಟ ದಾಟಿ ಮನೆಯ ಮೂರನೇ ಮೆಟ್ಟಿಲಿಗೆ ಬಂದಿದೆ, ಒಳಗೆ ಅಜ್ಜ, ಅಜ್ಜಿ ಇಬ್ಬರೇ. ಹತ್ತಿರದಲ್ಲಿದ್ದ ದೋಣಿಗಳೆಲ್ಲ ಬೇರೆ ಬೇರೆ ಕಡೆ ಹೋಗಿದ್ದವು. ಬದಿಯಡ್ಕದ ಶೆಡ್ಡಿನಲ್ಲಿ ಮಲಗಿದ್ದ ಇದೊಂದೇ ಉಳಿದಿದ್ದದ್ದು. ಕೊಡಗಿನ ಬೆಟ್ಟಗಳಲ್ಲಿ ಮಳೆ ಬಿಟ್ಟಿಲ್ಲವೆಂದರೆ ಅಲ್ಲಿಂದ ಸುಳ್ಯದ ಮೂಲಕ ಇಳಿದು ಬರುವ ಪಯಸ್ವಿನಿಯೂ ಬಿಡುವುದಿಲ್ಲ. ಕೆಳಗೆ ಚಂದ್ರಗಿರಿ ಇನ್ನೂ ಏರುವುದು ಖಂಡಿತ.

ದೋಣಿ ರಸ್ತೆಯಲ್ಲಿ ಓಡುವುದು ಕೇರಳಕ್ಕೆ ಹೊಸತಲ್ಲ. 2018ರ ಆಗಸ್ಟಿನ ಪ್ರಳಯದಲ್ಲಿ ಮೀನುಗಾರರು ಲಾರಿಗಳಿಗೆ ದೋಣಿ ಹೇರಿಕೊಂಡು ಒಳನಾಡಿಗೆ ನುಗ್ಗಿದ್ದರು. 669 ದೋಣಿಗಳು 65,000ಕ್ಕೂ ಹೆಚ್ಚು ಜನರನ್ನು ದಡ ಸೇರಿಸಿದವೆಂದು ಸರಕಾರದ ಲೆಕ್ಕ. ಆದರೆ ಲಾರಿಯ ಗಾಲಿ ನೀರಿಗಿಳಿಯುವುದಿಲ್ಲ. ಟ್ರೇಲರಿನದ್ದು ಇಳಿಯುತ್ತದೆ. ಮೈಲುಗಟ್ಟಲೆ ಓಡಿ ಬಿಸಿಯಾದ, ಗಾಲಿಯ ನಡುವಿನ ಹಬ್ಬನ್ನು ತಣ್ಣೀರಿಗೆ ಅದ್ದಿದರೆ ಒಳಗಿನ ಗಾಳಿ ಒಮ್ಮೆಲೇ ಕುಗ್ಗಿ, ಸೀಲಿನ ಸಂದಿನಿಂದ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಅದು ಉಪ್ಪುನೀರಾದರೆ ಕೇಳುವುದೇ ಬೇಡ. ನಮ್ಮ ಟ್ರೇಲರು ಬೇರೆಯವರ ಕೈಯಲ್ಲಿದ್ದಾಗ ಅಳಿವೆಯಲ್ಲಿ ಎಷ್ಟು ಸಲ ಮುಳುಗಿತ್ತೋ. ದಡದಲ್ಲಿ ನಿಂತಾಗ ಒಳಗೆ ತುಕ್ಕು ಬೆಳೆಯುತ್ತದೆ, ಓಡಿದ ದಿನ ಹೊಗೆ ಬರುತ್ತದೆ.

"ಹೀಗೇ ಹೋದರೆ?" ಎಂದು ಬಾವ ಕೇಳಿದ.

"ಚೆರ್ಕಳ ಮುಟ್ಟುವುದಿಲ್ಲ. ಬೇರಿಂಗಿನ ರೋಲರು ಪುಡಿಯಾಗ್ತದೆ, ಗಾಲಿ ಹಬ್ಬಿನ ಸಮೇತ ಕಳಚಿ ತೋಡಿಗೆ ಹೋಗ್ತದೆ. ಹಿಂದೆ ದೋಣಿ, ಅದರ ಹಿಂದೆ ನಾವು. ಮಾಷ್ಟ್ರೇ, ಟಾರ್ಚು ಇಲ್ಲಿ ಹಿಡೀರಿ. ಕೈ ಇಡ್ಬೇಡಿ, ಸುಡ್ತದೆ."

ಬಲಗಾಲಿಗೆ ಹಿಂದೆ ಮುಂದೆ ಮುರಕಲ್ಲು. ಎಡಕ್ಕೆ ಜಾಕು. ಕೆಸರಿನಲ್ಲಿ ಜಾಕು ಹೂತಿತು. ಅಡಿಗೆ ಹಲಗೆ ಕೊಟ್ಟು ಮತ್ತೆ ಎತ್ತಿದೆವು. ಗಾಲಿ ಬಿಚ್ಚಿ, ತುದಿಯ ಟೊಪ್ಪಿ ಎಬ್ಬಿಸಿ, ಪಿನ್ನು ನೆಟ್ಟಗೆ ಮಾಡಿ ಎಳೆದು, ನಟ್ಟು ತಿರುಗಿಸಿ, ಗೋಣಿ ಸುತ್ತಿದ ಕೈಯಲ್ಲಿ ಹಬ್ಬನ್ನು ಜಗ್ಗಿದರು ಮೇಸ್ತ್ರಿ. ಬಂತು! ರಸ್ತೆಯಂಚಿನ ತೋಟದಲ್ಲಿ ಬಿದ್ದಿದ್ದ ಅಡಿಕೆ ಹಾಳೆಯನ್ನು ನಾನು ಒರೆಸಿ ಹಾಸಿದೆ. ಬಿಚ್ಚಿದ್ದೆಲ್ಲ ಅದರ ಮೇಲೆ ಸಾಲಾಗಿ ಕೂತಿತು. ಗ್ರೀಸು ಮಜ್ಜಿಗೆಯ ಹಾಗೆ ಬೆಳ್ಳಗಾಗಿ ಸೋರುತ್ತಿತ್ತು. ರೋಲರುಗಳ ಮೈ ತುಂಬ ಗುಳಿ, ಒಂದೆರಡು ಕಾದು ನೀಲಿಗಟ್ಟಿದ್ದವು. ಅವುಗಳನ್ನು ಹಿಡಿದಿಡುವ ತಗಡಿನ ಪಂಜರ ಒಂದು ಕಡೆ ಹರಿದೇ ಹೋಗಿತ್ತು.

ಮೇಸ್ತ್ರಿ ಸೊಂಟದ ಚೀಲದಿಂದ ಹೊಸ ಬೇರಿಂಗಿನ ಎರಡು ಪೊಟ್ಟಣ ತೆಗೆದರು. ಒಳಗಿನದ್ದು 30206, ಹೊರಗಿನದ್ದು 30205. ಕೊನೆಯ ಎರಡಂಕಿಯನ್ನು ಐದರಿಂದ ಗುಣಿಸಿದರೆ ತೂತಿನ ಅಳತೆ: 30 ಮಿಲಿಮೀಟರ್, 25 ಮಿಲಿಮೀಟರ್. ಇಂಥ ಓರೆ ರೋಲರಿನ ಬೇರಿಂಗಿಗೆ 1898ರಲ್ಲಿ ಪೇಟೆಂಟ್ ಪಡೆದ ಹೆನ್ರಿ ಟಿಮ್ಕೆನ್ ಅಮೆರಿಕದ ಗಾಡಿ ತಯಾರಕ. ತಿರುವಿನಲ್ಲಿ ಭಾರ ಮೇಲಿನಿಂದಷ್ಟೇ ಅಲ್ಲ, ಬದಿಯಿಂದಲೂ ಒತ್ತುತ್ತದೆಂದು ಅವನಿಗೆ ಗೊತ್ತಿತ್ತು. ಬದಿಯಡ್ಕ–ಚೆರ್ಕಳ ರಸ್ತೆಯಲ್ಲಿ ಇರುವುದೇ ತಿರುವು.

ಬೇರಿಂಗು ಮಾತ್ರ ಬದಲಿಸಿ ಹಬ್ಬಿನೊಳಗೆ ರೋಲರು ಓಡುವ ಹೊರಬಳೆಯನ್ನು, ಅಂದರೆ ಹಳೇ ಕಪ್ಪನ್ನು, ಹಾಗೇ ಬಿಡುವವರಿದ್ದಾರೆ. ಹಳೇ ಗುಳಿಯ ಮೇಲೆ ಹೊಸ ರೋಲರು ಓಡಿದರೆ ಎಷ್ಟು ದಿನ ಬಂದೀತು? ಮೇಸ್ತ್ರಿ ಪಂಚು ಇಟ್ಟು, ಒಮ್ಮೆ ಈ ಬದಿ ಒಮ್ಮೆ ಆ ಬದಿ ಬಡಿದು ಕಪ್ಪುಗಳನ್ನು ಕೆಡವಿದರು. ಹೊಸದನ್ನು ಕೂರಿಸುವಾಗ ಹಳೆಯದನ್ನೇ ಅದರ ಮೇಲಿಟ್ಟು ಸುತ್ತಿಗೆ ಬೀಸಿದರು, ಹೊಸದರ ಮೈಗೆ ಏಟು ತಾಗದಂತೆ. ಟಣ್, ಟಣ್, ಟಣ್. ಕೊನೆಗೆ ಶಬ್ದ ಗಟ್ಟಿಯಾಯಿತು, ಕೂತಿತು. ಅಂಗೈಯಲ್ಲಿ ಗ್ರೀಸಿನ ಮುದ್ದೆ ಹಿಡಿದು, ಬೇರಿಂಗಿನ ಅಗಲದ ಅಂಚನ್ನು ಅದಕ್ಕೆ ಒತ್ತಿ ಒತ್ತಿ, ರೋಲರುಗಳ ನಡುವಿಂದ ಆಚೆ ಬದಿಗೆ ಎಳೆ ಎಳೆಯಾಗಿ ಹೊರಬರುವವರೆಗೂ ಬಿಡಲಿಲ್ಲ. ಮಳೆನೀರು ಬೀಳದಂತೆ ಬಾವ ತಲೆಯ ಮುಟ್ಟಾಳೆ ತೆಗೆದು ಹಬ್ಬಿಗೆ ಮರೆ ಹಿಡಿದಿದ್ದ. ಅವನ ಬೋಳುತಲೆಯಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು.

"ಬಿಗಿ ಮಾಡಿ, ಬೇಗ!"

"ಬಿಗಿ ಮಾಡಿದರೆ ಇನ್ನೊಮ್ಮೆ ಹೊಗೆ." ಹಬ್ಬನ್ನು ತಿರುಗಿಸುತ್ತಲೇ ನಟ್ಟು ಬಿಗಿದರು, ಪೂರ್ತಿ ಸಡಿಲಿಸಿದರು, ಮತ್ತೆ ಬೆರಳಲ್ಲೇ ಮುಟ್ಟಿಸಿ ನಿಲ್ಲಿಸಿದರು. ಹೊಸ ಪಿನ್ನು. ಗಾಲಿ ಹಾಕಿ ಕೈಯಲ್ಲಿ ಬೀಸಿದರೆ ಸದ್ದಿಲ್ಲದೆ ತಿರುಗಿತು.

ಎಡನೀರು ಹೋಯಿತು, ಚೆರ್ಕಳ ಹೋಯಿತು. ತೆಕ್ಕಿಲ್ ಸೇತುವೆಗೂ ಮೊದಲೇ ಅಡ್ಡದಾರಿಗೆ ಇಳಿದೆವು. ಎದುರಿಗೆ ಕೆಂಪು ನೀರು, ನೀರಿನಲ್ಲಿ ಅಡಿಕೆ ಮರಗಳ ಅರ್ಧ ಮೈ. ಬಾವ ಟ್ರೇಲರನ್ನು ಹಿಂದಕ್ಕೆ ಬಿಡತೊಡಗಿದ. ಮೇಸ್ತ್ರಿ ಹಬ್ಬಿಗೆ ಕೈಯಿಟ್ಟು ಅಡ್ಡ ನಿಂತರು.

"ಬಿಸಿ ಉಂಟು. ನೀರಿಗೆ ಇಳಿಸುವ ಹಾಗಿಲ್ಲ."

"ಅಲ್ಲಿ ಮನುಷ್ಯರು ಸಾಯ್ತಾ ಇದ್ದಾರೆ, ನಿಮಗೆ ಗ್ರೀಸಿನ ಚಿಂತೆ!"

"ಇವತ್ತು ಇದೊಂದೇ ಮನೆಯಾ ಮುಳುಗುವುದು? ದೋಣಿ ಎತ್ತಿ!"

ಕೂಗು ಕೇಳಿ ಊರಿನ ಹುಡುಗರು ಓಡಿ ಬಂದರು. ಹಗ್ಗ ಕೊಯ್ದು, ಭುಜ ಕೊಟ್ಟು, ಕೆಸರಿನಲ್ಲಿ ಜಾರುತ್ತ, ಒಬ್ಬರನ್ನೊಬ್ಬರು ಬೈಯುತ್ತ ದೋಣಿಯನ್ನು ನೀರಿಗೆ ಹಾಕಿದೆವು. ತೇಲಿ ಬರುವ ತೆಂಗಿನ ಗರಿಗೆ ಹೆದರಿ ಎಂಜಿನು ಎತ್ತಿಟ್ಟು, ಮರದಿಂದ ಮರಕ್ಕೆ ಕೈ ಹಿಡಿಯುತ್ತ ಸಾಗಿದೆವು. ಸೆಳೆತ ಒಮ್ಮೆ ದೋಣಿಯನ್ನು ಅಡ್ಡ ತಿರುಗಿಸಿ ಮರಕ್ಕೆ ಬಡಿಯಿತು. ಹುಟ್ಟುಗೋಲು ಕೈ ತಪ್ಪಿತು, ಬಾವ ಹಾರಿ ಹಿಡಿದ. ಜಗಲಿಯಲ್ಲಿ ಮೊಣಕಾಲಿನ ನೀರು. ಅಜ್ಜಿ ಮೊದಲು ಕೊಟ್ಟದ್ದು ರೇಷನ್ ಕಾರ್ಡಿನ ಪ್ಲಾಸ್ಟಿಕ್ ಚೀಲ. ಆಮೇಲೆ ಅಜ್ಜನನ್ನು ಇಳಿಸಿದರು, ಕೊನೆಗೆ ತಾವು ಬಂದರು.

ದಡ ಮುಟ್ಟುವಾಗ ಇನ್ನೊಂದು ಕರೆ ಬಂದಿತ್ತು, ಹೊಳೆಯ ಮೇಲ್ಬದಿಯಿಂದ. ಟ್ರೇಲರು ಒಣ ನೆಲದಲ್ಲಿ ಸಿದ್ಧವಾಗಿ ನಿಂತಿತ್ತು. ಮರುದಿನ ಬದಿಯಡ್ಕದಲ್ಲಿ ಬಲಗಾಲಿಯನ್ನೂ ಬಿಚ್ಚಿದೆವು. ಅಲ್ಲೂ ಗ್ರೀಸು ಬೆಳ್ಳಗೇ ಇತ್ತು; ಮೇಸ್ತ್ರಿ ಪೇಟೆಗೆ ಆಳು ಓಡಿಸಿ ಅದೇ ನಂಬರಿನ ಇನ್ನೊಂದು ಸೆಟ್ಟು, ಹೊಸ ಸೀಲು, ಪಿನ್ನು ತರಿಸಿದರು.